ಪರಿಕಲ್ಪನೆ ನಂದು, ಅಕ್ಷರ ಅವರದು

ಕಡೂರಿನ ನಿವೃತ್ತ ಮೇಷ್ಟ್ರೊಬ್ಬರೂ ತರೀಕೆರೆಯ ಲಾಯರೊಬ್ಬರೂ ಕೂಡಿ ಪುಸ್ತಕ ಬರೆಯುತ್ತಾರಂತೆ ಎಂಬ ಸುದ್ದಿ ಬೀರೂರು ಮುಟ್ಟುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಬೀರೂರೇನು ಕಾಶಿಯಲ್ಲ, ಕಡೂರಿನ ಮಗ್ಗುಲಿಗೇ ಇದೆ. ಆದ್ದರಿಂದ ಇಲ್ಲಿ ಮೆಚ್ಚಬೇಕಾದದ್ದು ಸುದ್ದಿಯ ಓಟವನ್ನಲ್ಲ, ಜಗಳದ ಓಟವನ್ನು.

ಆಗಿನ್ನೂ ಒಂದು ಸಾಲೂ ಬರೆದಿರಲಿಲ್ಲ. ಎರಡು ತಾಲ್ಲೂಕುಗಳ ಸಾಂಸ್ಕೃತಿಕ ಚರಿತ್ರೆ ಎಂದು ವಿಷಯ ಗೊತ್ತುಮಾಡಿದ್ದರು. ಮುಖಪುಟಕ್ಕೆ ಯಾವ ಗುಡಿಯ ಫೋಟೊ ಎಂಬುದೂ ಮಾತಾಗಿತ್ತು. ಫೋಟೊದ ಕೆಳಗೆ ಯಾರ ಹೆಸರು ಮೊದಲು ಎಂಬಲ್ಲಿ ತಕರಾರು ಹುಟ್ಟಿತು. "ಬರೆಯೋನು ನಾನು ಸ್ವಾಮಿ, ನನ್ನ ಹೆಸರು ಮೊದಲಿರಲಿ" ಎಂದರು ಮೇಷ್ಟ್ರು. ಲಾಯರು ಎದುರು ಪಾರ್ಟಿಯ ಸಾಕ್ಷಿಯನ್ನು ನೋಡುವಂತೆ ನೋಡಿ, "ಬರೆಯೋದು ಯಾರು ಬೇಕಾದ್ರೂ ಬರೀತಾರೆ ಮೇಷ್ಟ್ರೇ, ಐಡಿಯಾ ಯಾರದು?" ಎಂದರು. ಐಡಿಯಾ ಏನೆಂದರೆ, ಒಂದು ಪುಸ್ತಕ ಬರೆಯಬೇಕು ಎಂಬುದು.

ಮಧ್ಯಸ್ಥಿಕೆಗೆ ಹೋದವರು ಕೊನೆಗೆ ಕಕ್ಷಿದಾರರಿಬ್ಬರ ಹೆಸರನ್ನೂ ಬದಿಗಿಟ್ಟು, ಊರಿನ ಹೆಸರು ಹಿಡಿದು ಅಕಾರಾದಿ ಕ್ರಮದಲ್ಲಿ ಹೋಗೋಣ ಎಂದರು. ಕ ಮೊದಲು, ತ ಆಮೇಲೆ. ಮೇಷ್ಟ್ರು ಮೀಸೆಯಲ್ಲೇ ನಕ್ಕರು. ಲಾಯರು ಒಂದು ವಾರ ಸುಮ್ಮನಿದ್ದು, ಎಂಟನೇ ದಿನ ಅಜ್ಜಂಪುರದ ಈರುಳ್ಳಿ ಮಂಡಿಯ ಯಜಮಾನರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. "ಅಜ್ಜಂಪುರ ಈಗ ನಮ್ಮ ತರೀಕೆರೆಯಲ್ಲಿಲ್ಲ, ಬೇರೆ ತಾಲ್ಲೂಕಾಗಿದೆ. ಅವರನ್ನು ಬಿಟ್ಟು ಚರಿತ್ರೆ ಬರೆದರೆ ನಾಳೆ ಯಾರಾದರೂ ಕೇಳೋದಿಲ್ವೇ?" ಎಂದರು. ಯಜಮಾನರು ಕೈ ಮುಗಿದು, "ನಮಗೇನು ಬರವಣಿಗೆ ಗಿರವಣಿಗೆ ಬರಲ್ಲ, ಪ್ರೋತ್ಸಾಹ ಕೊಡ್ತೀವಿ" ಎಂದರು. ಮೇಷ್ಟ್ರಿಗೆ ಲೆಕ್ಕ ಹೊಳೆಯುವುದಕ್ಕೆ ಅರ್ಧ ನಿಮಿಷ ಹಿಡಿಯಿತು. ಅಕಾರಾದಿಯಲ್ಲಿ ಅ ಎಲ್ಲಕ್ಕೂ ಮೊದಲು. ತಾನು ಮೂರನೆಯವನಾದರೂ ಚಿಂತೆಯಿಲ್ಲ, ಪಕ್ಕದವನು ಮೊದಲನೆಯವನಾಗಬಾರದು ಎಂಬ ಈ ತ್ಯಾಗಬುದ್ಧಿಯಿಂದಲೇ ಕನ್ನಡದಲ್ಲಿ ಎಷ್ಟೋ ಸಮಿತಿಗಳು ನಡೆಯುತ್ತಿವೆ.

ಹೀಗೆ ಎರಡು ತಾಲ್ಲೂಕಿನ ಚರಿತ್ರೆ ಮೂರು ತಾಲ್ಲೂಕಿನದಾಯಿತು. ಇನ್ನು ಕೂಡುವುದು ಎಲ್ಲಿ? ತರೀಕೆರೆಯ ರೈಲೂ ಅಜ್ಜಂಪುರದ ರೈಲೂ ಬಂದು ಸೇರುವುದು ಬೀರೂರಿನಲ್ಲಿ. ಆದರೆ ಬೀರೂರು ಕಡೂರು ತಾಲ್ಲೂಕಿನದು, ಅದು ಮೇಷ್ಟ್ರ ಹದ್ದು ಎಂದು ಲಾಯರು ಆಕ್ಷೇಪಣೆ ಎತ್ತಿದರು. ಆಕ್ಷೇಪಣೆಯನ್ನು ದಾಖಲು ಮಾಡಿಕೊಂಡು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಟೂ ಬೈ ತ್ರೀ ಕಾಫಿ ಹೇಳಿದರು. ಮೂವರೂ ತಕರಾರಿಲ್ಲದೆ ಹಂಚಿಕೊಂಡದ್ದು ಇವತ್ತಿನವರೆಗೆ ಅದೊಂದನ್ನೇ. ಕೆಲಸದ ಹಂಚಿಕೆಯೂ ಅಲ್ಲೇ ಆಯಿತು. ಲಾಯರದು ಪರಿಕಲ್ಪನೆ ಮತ್ತು ಮಾರ್ಗದರ್ಶನ. ಯಜಮಾನರದು ಪ್ರೋತ್ಸಾಹ. ಉಳಿದ ಸಣ್ಣಪುಟ್ಟದ್ದು, ಅಂದರೆ ಊರೂರು ತಿರುಗುವುದು, ಓದುವುದು, ಬರೆಯುವುದು, ತಿದ್ದುವುದು, ಮೇಷ್ಟ್ರದು.

ನಾನು ಈ ಪಂಚಾಯ್ತಿಯಲ್ಲಿ ಸುಮ್ಮನೆ ಕೂತಿದ್ದವನು. ಕೂತಿದ್ದವನಿಗೆ ಅನ್ನಿಸಿದ್ದು, ಇವರಿಗೆ ಪೂರ್ವಸೂರಿಗಳ ಬಲ ಕಡಿಮೆಯೇನಿಲ್ಲ ಎಂದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊಟ್ಟಮೊದಲ ಗ್ರಂಥ ಕವಿರಾಜಮಾರ್ಗವೇ ಇಂಥ ತಕರಾರಿನ ಕೂಸು. ಬರೆದವನು ಶ್ರೀವಿಜಯನೋ, ರಾಷ್ಟ್ರಕೂಟ ದೊರೆ ನೃಪತುಂಗನೋ ಎಂದು ವಿದ್ವಾಂಸರು ತಲೆಮಾರುಗಟ್ಟಲೆ ಹೊಡೆದಾಡಿದರು. ಬರೆದದ್ದು ಶ್ರೀವಿಜಯ, ಅದಕ್ಕೆ ಒಪ್ಪಿಗೆ ಇದ್ದದ್ದು ನೃಪತುಂಗನದು ಎಂಬಲ್ಲಿಗೆ ಬಹಳ ಮಂದಿ ಬಂದು ನಿಂತಿದ್ದಾರೆ. ಈ ಮಾತು ಕಿವಿಗೆ ಬಿದ್ದದ್ದೇ ತಡ ಲಾಯರು ಕುರ್ಚಿಯಿಂದ ಅರ್ಧ ಎದ್ದರು. "ನೋಡಿ, ಒಂಬತ್ತನೇ ಶತಮಾನದಿಂದಲೇ ಐಡಿಯಾ ಕೊಟ್ಟವನ ಹೆಸರು ಮೊದಲು!" ನೃಪತುಂಗ ಒಪ್ಪಿಗೆ ಕೊಡುವ ಮೊದಲು ಗ್ರಂಥವನ್ನು ಓದಿದ್ದಿರಬಹುದು ಎಂದು ನಾನು ಹೇಳಹೊರಟೆ. ಮೇಷ್ಟ್ರು ಕಣ್ಣಿನಲ್ಲೇ ಬೇಡ ಎಂದರು.

ಎರಡನೆಯ ಹೆಸರಿನವರ ಸಂಕಟಕ್ಕೂ ಪರಂಪರೆಯುಂಟು. ಕುಮಾರವ್ಯಾಸ ಭಾರತದ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಮುಗಿಸಿದ. ಊರಿನ ಜಗಲಿಯ ಮೇಲೆ ಗಮಕಿಗಳು ಹಾಡುವುದು ಯಾರನ್ನು, ಪರೀಕ್ಷೆಯಲ್ಲಿ ಎರಡು ಅಂಕದ ಟಿಪ್ಪಣಿಯಾಗಿ ಬರುವುದು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಪಾಪ, ಕುರುಕ್ಷೇತ್ರದ ಯುದ್ಧವೆಲ್ಲ ಮೊದಲನೆಯವನ ಪಾಲಿಗೆ ಹೋಗಿ, ಅದಾದ ಮೇಲಿನ ಉಪದೇಶ, ಯಾಗ, ಸಾವುನೋವು ಎಲ್ಲ ತಿಮ್ಮಣ್ಣನ ಪಾಲಿಗೆ ಬಂತು. ಕೂಡಿ ಬರೆಯುವವರು ಅಧ್ಯಾಯ ಹಂಚಿಕೊಳ್ಳುವಾಗ ಇದನ್ನು ನೆನಪಿಟ್ಟುಕೊಳ್ಳತಕ್ಕದ್ದು.

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನೇ ಜಾಣ. ಸಹಲೇಖಕನೊಬ್ಬ ಬೇಕು ಅನ್ನಿಸಿದಾಗ ಪೌರಾಣಿಕ ಕಾಲದ ಜೈಮಿನಿಯನ್ನು ಹಿಡಿದ. ಜೈಮಿನಿ ಮುನಿ ಮಧ್ಯರಾತ್ರಿ ಫೋನು ಮಾಡಿ ನನ್ನ ಅಧ್ಯಾಯ ಕತ್ತರಿಸಿದಿರಂತೆ ಎಂದು ಕೇಳುವುದಿಲ್ಲ, ಬಿಡುಗಡೆಯ ದಿನ ಶಾಲು ಚಿಕ್ಕದಾಯಿತು ಎಂದು ಮುನಿಸಿಕೊಳ್ಳುವುದಿಲ್ಲ. ವಾರ್ಧಕ ಷಟ್ಪದಿಯಲ್ಲಿ 34 ಸಂಧಿ ಮುಗಿದವು, ಮೂಲದವನ ಹೆಸರು ಗೌರವವಾಗಿ ಕಾವ್ಯದ ಶೀರ್ಷಿಕೆಗೇ ಹೋಯಿತು, ಕೀರ್ತಿ ಪೂರ್ತಿ ಕನ್ನಡದವನಿಗೆ ಬಂತು. ಜಗಳ ಮಾತ್ರ ತಪ್ಪಲಿಲ್ಲ. ಕವಿಗಳಿಬ್ಬರೂ ಆಡದ ಜಗಳವನ್ನು ಊರುಗಳು ಆಡುತ್ತಿವೆ. ಕಡೂರಿನವರು ದೇವನೂರು ಎಂದರೆ, ಸುರಪುರದ ಕಡೆಯವರು ಅವನು ನಮ್ಮ ದೇವಾಪುರದವನು ಎನ್ನುತ್ತಾರೆ.

ಅಜ್ಜಂಪುರದ ಯಜಮಾನರು ತಮ್ಮೂರಿನ ಪಾಲು ಎಲ್ಲಿ ಎಂದು ಕೇಳಿದಾಗ ಮೇಷ್ಟ್ರು 'ಆನಂದ'ರ ಹೆಸರು ಹೇಳಿದರು. ಅಜ್ಜಂಪುರ ಸೀತಾರಾಮ ಎಂಬುದು ಅವರ ನಿಜನಾಮ, 'ನಾನು ಕೊಂದ ಹುಡುಗಿ' ಅವರ ಹೆಸರಾಂತ ಕಥೆ. ಯಜಮಾನರು ಹಿಗ್ಗಿದರು. ನನಗೆ ಹೊಳೆದದ್ದು ಬೇರೆ. ಸೀತಾರಾಮರಿಗೆ ಅಕಸ್ಮಾತ್ತಾಗಿ ಒಬ್ಬ ಸಹಲೇಖಕ ಸಿಕ್ಕಿದ್ದರೆ ಕಥೆಯ ಹೆಸರು 'ನಾವು ಕೊಂದ ಹುಡುಗಿ' ಎಂದಾಗಬೇಕಿತ್ತು. ಆಮೇಲೆ ನಿಜವಾಗಿ ಕೊಂದವರು ಯಾರು, ಪ್ರೇರಣೆ ಯಾರದು, ಪ್ರೋತ್ಸಾಹ ಯಾರದು ಎಂದು ಲಾಯರಿಗೆ ಮೂರು ತಲೆಮಾರಿನ ಕೆಲಸ ಸಿಗುತ್ತಿತ್ತು.

ಒಂದು ಭಾನುವಾರ ಮೂವರೂ ಅಮೃತಾಪುರಕ್ಕೆ ಹೊರಟರು. ತರೀಕೆರೆಗೆ ಹತ್ತಿರದ ಈ ಊರಿನಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಇದೆ. ಲಾಯರ ಕಾರು, ಯಜಮಾನರ ಪೆಟ್ರೋಲು, ಮೇಷ್ಟ್ರ ನೋಟ್‌ಬುಕ್ಕು. ಸಭಾಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳಿವೆ. ಉತ್ತರಕ್ಕೆ ಕೃಷ್ಣನ ಕಥೆಯವು 25, ಮಹಾಭಾರತದವು 45. ಒಂದು ಕಡೆ ವಾಲ್ಮೀಕಿ, ಇನ್ನೊಂದು ಕಡೆ ವ್ಯಾಸ, ಎರಡಕ್ಕೂ ಸೂರು ಒಂದೇ. ಮೇಷ್ಟ್ರು ಹೀಗೆಂದು ವಿವರಿಸುತ್ತಿದ್ದರೆ ಲಾಯರು, "ಬಾಗಿಲಲ್ಲಿ ಬರೋನಿಗೆ ಮೊದಲು ಕಾಣೋದು ಯಾರದು?" ಎಂದು ಕೇಳಿದರು. ಯಜಮಾನರು ಎರಡೂ ಕಡೆಯ ಫಲಕ ಎಣಿಸಿ, ಎಡಕ್ಕೂ ಬಲಕ್ಕೂ ಎಪ್ಪತ್ತೆಪ್ಪತ್ತೇ ಆಯಿತು ಎಂದು ನಿಟ್ಟುಸಿರು ಬಿಟ್ಟರು. ತೂಕ ಸರಿಯಿದ್ದರೆ ಮಂಡಿಯವರಿಗೆ ಅದೊಂದು ಸಮಾಧಾನ.

ಅಲ್ಲಿಯ ಶಾಸನದ ಮುಂದೆ ಮೇಷ್ಟ್ರು ಬಹಳ ಹೊತ್ತು ನಿಂತರು. ಆ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಕಾಲ 1197. 'ಯಶೋಧರಚರಿತೆ' ಬರೆಯಲು ಅವನಿಗಿನ್ನೂ ಹನ್ನೆರಡು ವರ್ಷವಿತ್ತು. ಆಗಿನ ಕಾಲದ ಕಲ್ಲುಗಳ ಕೊನೆಗೆ ಎಷ್ಟೋ ಸಲ ಮೂರು ಹೆಸರು ಬರುತ್ತವೆ. ಪದ್ಯ ಕಟ್ಟಿದವನದೊಂದು, ಅದನ್ನು ಕಲ್ಲಿನ ಮೇಲೆ ಬರೆದುಕೊಟ್ಟವನದೊಂದು, ಉಳಿ ಹಿಡಿದು ಕೊರೆದವನದೊಂದು. ಕವಿಯ ಅಕ್ಷರಕ್ಕೂ ಕಂಡರಿಸಿದವನ ಅಕ್ಷರಕ್ಕೂ ಗಾತ್ರದಲ್ಲಿ ಭೇದವಿಲ್ಲ, ಎಲ್ಲವೂ ಒಂದೇ ಉಳಿಯಲ್ಲಿ ಆದದ್ದು. ಈ ಗುಡಿಯ ಚಾವಣಿಯ ಭುವನೇಶ್ವರಿಗಳಲ್ಲಿ ಕೈಯಾಡಿಸಿದ ರೂವಾರಿ ಮಲ್ಲಿತಮ್ಮನಿಗೆ ಇದು ಶುರುವಿನ ದಿನಗಳ ಕೆಲಸ. ಹೆಸರು ಬಂದಮೇಲೆ ಅವನು ಸೋಮನಾಥಪುರದಲ್ಲಿ ಕೆಲವು ವಿಗ್ರಹಗಳ ಕೆಳಗೆ 'ಮಲ್ಲಿ' ಎಂದಷ್ಟೇ ಕೊರೆದ, ಇನ್ನು ಕೆಲವದರ ಕೆಳಗೆ ಬರೀ 'ಮ'. ಕೆಲಸ ಬೆಳೆದ ಹಾಗೆಲ್ಲ ಹೆಸರು ಗಿಡ್ಡವಾದ ಕಲಾವಿದ ಕರ್ನಾಟಕದಲ್ಲಿ ಅವನಾದ ಮೇಲೆ ಮತ್ತೊಬ್ಬ ಹುಟ್ಟಿದ ವರದಿಯಿಲ್ಲ.

"ಇವರಿಗೆ ಪ್ಲಾನಿಂಗ್ ಇರಲಿಲ್ಲ" ಎಂದರು ಲಾಯರು. ನಿಜ. ಅಮೃತೇಶ್ವರ ದಂಡನಾಯಕ ಈಗಿನ ಸ್ಮರಣ ಸಂಚಿಕೆಗಳನ್ನು ಕಂಡಿರಲಿಲ್ಲ. ಕಂಡಿದ್ದರೆ ಮೊದಲು ಏಳು ಕಲ್ಲು ಬರೀ ಶುಭ ಸಂದೇಶಕ್ಕೆ ಹೋಗುತ್ತಿದ್ದವು. ಬಲ್ಲಾಳ ಮಹಾರಾಜರ ಸಂದೇಶ, ಮಹಾಪ್ರಧಾನರ ಸಂದೇಶ, ಮಠದ ಸ್ವಾಮಿಗಳ ಆಶೀರ್ವಚನ. ಎಂಟನೆಯ ಕಲ್ಲಿನಲ್ಲಿ ಗೌರವ ಸಂಪಾದಕರು, ಪ್ರಧಾನ ಸಂಪಾದಕರು, ಕಾರ್ಯನಿರ್ವಾಹಕ ಸಂಪಾದಕರು, ಸಂಪಾದಕ ಮಂಡಳಿ, ಸಲಹಾ ಮಂಡಳಿ. ಹಿಂಬದಿಯಲ್ಲಿ ಬಟ್ಟೆ ಅಂಗಡಿಯ ಜಾಹೀರಾತು. ಜಾಗ ಮಿಕ್ಕಿದರೆ ಜನ್ನ.

ಇದೇ ಶಾಸನ ಅಚ್ಚಿನಲ್ಲಿ ಬಂದಾಗ ಏನಾಯಿತು ನೋಡಿ. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಜಿಲ್ಲೆಯ ಶಾಸನಗಳೆಲ್ಲ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವಾಗಿ ಹೊರಬಂದವು. ಜನ್ನನ ಕಲ್ಲಿಗೆ ತರೀಕೆರೆ 45 ಎಂದು ನಂಬರು ಬಿತ್ತು. ಸಂಪುಟದ ಮೇಲೆ ಬಿ. ಎಲ್. ರೈಸ್ ಅವರ ಹೆಸರು. ರೈಸ್ ದೊಡ್ಡವರು, ಅವರಿಲ್ಲದಿದ್ದರೆ ಎಷ್ಟೋ ಕಲ್ಲು ಬಟ್ಟೆ ಒಗೆಯುವುದಕ್ಕೆ ಹೋಗುತ್ತಿದ್ದವು, ಇಲ್ಲವೆನ್ನುವವನು ಕೃತಘ್ನ. ಆದರೆ ಬಿಸಿಲಿನಲ್ಲಿ ಕಲ್ಲು ತೊಳೆದು, ಹಾವುರಾಣಿ ಓಡಿಸಿ, ಸವೆದ ಅಕ್ಷರಕ್ಕೆ ಕಣ್ಣು ಹಚ್ಚಿ ನಕಲು ಮಾಡಿಕೊಂಡು ಬಂದ ಪಂಡಿತರು, ಗುಮಾಸ್ತರು ಯಾರೆಂದು ನಮ್ಮ ಮೂರು ತಾಲ್ಲೂಕಿನಲ್ಲಿ ಹತ್ತು ಜನವನ್ನು ಕೇಳಿ. ಕಲ್ಲು ಕೊರೆದವನ ಹೆಸರನ್ನು ಎಂಟು ಶತಮಾನ ಉಳಿಸುತ್ತದೆ. ಕಾಗದಕ್ಕೆ ಅಷ್ಟು ತಾಳ್ಮೆಯಿಲ್ಲ.

ಅಮೃತಾಪುರದಿಂದ ಬಂದಮೇಲೆ ಬರವಣಿಗೆ ಶುರುವಾಯಿತು. ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಕೈಯಲ್ಲೇ ಬರೆಯುವವರು. ಲಾಯರ ಮಾರ್ಗದರ್ಶನವನ್ನು ಅವರ ಗುಮಾಸ್ತ ನುಡಿಯಲ್ಲಿ ಟೈಪು ಮಾಡಿ ಕೊಡುತ್ತಿದ್ದ. ಯಜಮಾನರದು ವಾಟ್ಸಾಪಿನ ವಾಯ್ಸ್ ಮೆಸೇಜು, ಹಿನ್ನೆಲೆಯಲ್ಲಿ ಈರುಳ್ಳಿ ಹರಾಜು. ಇವೆಲ್ಲ ಬಂದು ಬೀಳುತ್ತಿದ್ದದ್ದು ಕಡೂರಿನ ಒಂದು ಡಿಟಿಪಿ ಅಂಗಡಿಯ ಹುಡುಗಿಯ ತಲೆಯ ಮೇಲೆ. ಕನ್ನಡದಲ್ಲಿ ಕೂಡಿ ಬರೆಯುವುದರ ಮರ್ಮ ತಿಳಿಯಬೇಕಾದರೆ ಆ ಅಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು. ಮದುವೆ ಕಾರ್ಡಿನ ಪ್ರೂಫು, ಪಹಣಿಗೆ ಅರ್ಜಿ, ತಿಥಿ ಕಾರ್ಯದ ಆಹ್ವಾನ ಇವುಗಳ ನಡುವೆ ಮೂರು ತಾಲ್ಲೂಕಿನ ಸಂಸ್ಕೃತಿ ಸರತಿಯಲ್ಲಿ ನಿಂತಿತ್ತು. ನುಡಿಯ ಕಡತವನ್ನು ಯೂನಿಕೋಡಿಗೆ ತಿರುಗಿಸಿದರೆ ಅರ್ಕಾವತ್ತುಗಳು ಊರು ಬಿಟ್ಟು ಓಡುತ್ತವೆ, 'ಸ್ವಾತಂತ್ರ್ಯ' ಅನ್ನುವ ಪದ ಮೂಳೆ ಮುರಿದುಕೊಂಡು ಬೀಳುತ್ತದೆ. ಆ ಹುಡುಗಿ ಒಂದೊಂದನ್ನೇ ಎತ್ತಿ ಕೂರಿಸುತ್ತಿದ್ದಳು.

ಬರೀ ಒತ್ತಕ್ಷರವಲ್ಲ. ಕಡೂರಿನಲ್ಲಿ ಪಾಂಬಬ್ಬೆಯ ಶಾಸನವಿದೆ. ಗಂಗ ದೊರೆ ಬೂತುಗನ ಅಕ್ಕ. ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡವಳು. ಮೇಷ್ಟ್ರು ಸರಿಯಾಗಿಯೇ ಬರೆದಿದ್ದರು. ಲಾಯರ ಮಾರ್ಗದರ್ಶನ ಮುಗಿಯುವ ಹೊತ್ತಿಗೆ ಇಸವಿ 917 ಆಗಿತ್ತು, ಪಾಂಬಬ್ಬೆ 'ಕಡೂರನ್ನು ಆಳಿದ ಪಾಂಬ ಎಂಬ ಅರಸ' ಆಗಿದ್ದಳು. ಹುಡುಗಿ ಫೋನು ಮಾಡಿ, "ಸಾರ್, ಒಂದು ಪುಟದಲ್ಲಿ ಅಕ್ಕ ಅಂತಿದೆ, ಇನ್ನೊಂದರಲ್ಲಿ ಅರಸ ಅಂತಿದೆ, ಯಾವುದು ಇಟ್ಕೊಳ್ಳಲಿ?" ಎಂದು ಕೇಳಿದಳು. "ಎರಡನ್ನೂ ಇಡಮ್ಮ, ಅಭಿಪ್ರಾಯಭೇದ ಅಂತ ಹಾಕು" ಎಂದರು ಲಾಯರು. ಅವಳು ಎರಡನ್ನೂ ಇಡಲಿಲ್ಲ. ಅಕ್ಕನನ್ನು ಇಟ್ಟಳು. ಈ ಪುಸ್ತಕದಲ್ಲಿ ನಡೆದ ಏಕೈಕ ಸಂಶೋಧನೆ ಇದು ಎಂದು ನನ್ನ ನಂಬಿಕೆ. ಪುಟಕ್ಕೆ ಇಷ್ಟು ಎಂದು ಅವಳಿಗೆ ಕೂಲಿ ಸಿಕ್ಕಿತು. ಹೆಸರು ಸಿಗಬಹುದಾದ ಜಾಗ ಪುಸ್ತಕದ ನಾಲ್ಕನೇ ಪುಟದ ಕೆಳಗೆ, ಮುದ್ರಕರ ವಿಳಾಸದ ಮೇಲೆ, 'ಅಕ್ಷರ ಜೋಡಣೆ' ಎಂಬಲ್ಲಿ. ಅಲ್ಲಿಯೂ ಹಾಕಿದ್ದು ಅಂಗಡಿಯ ಹೆಸರನ್ನು.

ಜಾನಪದದ ಅಧ್ಯಾಯ ಬಂದಾಗ ಮೂವರೂ ಒಟ್ಟಿಗೆ ಕೂತು ತಿದ್ದಿದರು. ತರೀಕೆರೆ ಏರಿಯ ಮೇಲಿನ ಮೂರು ಕರಿ ಕುರಿ ಮರಿಗಳನ್ನು ಬಾಯಿ ತಪ್ಪದೆ ಹೇಳಿಸಿಯೇ ಕನ್ನಡದ ಮಕ್ಕಳ ನಾಲಿಗೆ ತಿರುಗಿಸುವುದು. ಆ ಮಾತನ್ನು ಕಟ್ಟಿದವರಾರೋ. ಸಾವಿರ ಬಾಯಿ ಸವೆಸಿ ನುಣುಪು ಮಾಡಿದ ಮಾತು. ಕನ್ನಡದಲ್ಲಿ ನಿಜವಾಗಿ ಕೂಡಿ ಬರೆದದ್ದು ಎಂದರೆ ಇಂಥದ್ದೇ. ಲಾಯರು ಕಣ್ಣಾಡಿಸಿ, ಕೆರೆ ಏರಿಯ ಮೇಲೆ ಕುರಿ ಮೇಯಿಸುವುದು ಕಾನೂನಿಗೆ ಸರಿಹೋಗುವುದಿಲ್ಲ, 'ಏರಿಯ ಪಕ್ಕದಲ್ಲಿ' ಎಂದು ಮಾಡಿ ಎಂದರು. ಯಜಮಾನರು, ಮೂರು ತಾಲ್ಲೂಕಿನ ಪುಸ್ತಕದಲ್ಲಿ ಮೂರೂ ಮರಿ ತರೀಕೆರೆಗೇ ಹೋದರೆ ಹೇಗೆ, ತಾಲ್ಲೂಕಿಗೊಂದು ಹಂಚಿ ಎಂದರು. ಹಾಗೆಯೇ, ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಕೇಂದ್ರ ಇರುವುದರಿಂದ ಆ ಪಾಲಿನ ಕುರಿಮರಿಯ ಬದಲು ಒಂದು ಅಮೃತಮಹಲ್ ಕರು ಹಾಕಿದರೆ ಊರಿಗೂ ಗೌರವ ಎಂದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ತಿದ್ದಿದ ವಾಕ್ಯವನ್ನು ಈಗ ಯಾರು ಬೇಕಾದರೂ ತಡವರಿಸದೆ ಹೇಳಬಹುದು. ಯಾರೂ ಹೇಳುವುದಿಲ್ಲ, ಅಷ್ಟೆ.

ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆಯ ಹಾಡಿಗೂ ಇದೇ ಗತಿಯಾಗಬೇಕಿತ್ತು. ಅದು ತಮ್ಮ ಕಡೆಯ ಮದಗದ ಕೆರೆಯ ಹಾಡು ಎಂದು ಹಿರೇಕೆರೂರು ಸೀಮೆಯವರೂ ಹೇಳುವುದರಿಂದ, ವ್ಯಾಜ್ಯದ ಆಸ್ತಿಯನ್ನು ಮುಟ್ಟಬಾರದು ಎಂದು ಲಾಯರೇ ಬಿಟ್ಟರು. ಹಾಡು ಬದುಕಿತು.

ಈ ನಡುವೆ ಲಾಯರ ಭಾಮೈದ, ಎಲ್ಲೋ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರು, ಒಂದು ಲೆಕ್ಕದ ಹಾಳೆ ಹಿಡಿದು ಬಂದ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಕೂಡಿ ಬರೆದವರಿಗೆ ಅಂಕ ಹಂಚುವ ಕ್ರಮವಿದೆ. ಇಬ್ಬರು ಬರೆದರೆ ಒಬ್ಬೊಬ್ಬರಿಗೂ ಪೂರ್ತಿ ಅಂಕದ ಶೇಕಡ 70. ನಾವು ನೀವು ಕಲಿತ ಗಣಿತದಲ್ಲಿ ಒಂದು ರೊಟ್ಟಿಯನ್ನು ಇಬ್ಬರು ತಿಂದರೆ ತಲಾ ಅರ್ಧ. ಯುಜಿಸಿಯ ರೊಟ್ಟಿಯನ್ನು ಇಬ್ಬರು ತಿಂದರೆ ಅದು ಶೇಕಡ 140 ಆಗುತ್ತದೆ. ಮೂರನೆಯವನು ಬಂದನೋ, ಮುಖ್ಯ ಲೇಖಕನಿಗೆ 70, ಉಳಿದವರಿಗೆ 30, 30. ಒಟ್ಟು 130ಕ್ಕೆ ಇಳಿಯಿತು. ರಾಷ್ಟ್ರಮಟ್ಟದ ಪ್ರಕಾಶಕರು ತಂದ ಪುಸ್ತಕಕ್ಕೆ 10 ಅಂಕ ಎಂದಿಟ್ಟುಕೊಂಡರೆ ಇಬ್ಬರಲ್ಲಿ ಹದಿನಾಲ್ಕು, ಮೂವರಲ್ಲಿ ಹದಿಮೂರು. "ಮಂಡಿಯವರನ್ನ ಬಿಟ್ಟು, ಮೇಷ್ಟ್ರನ್ನೂ ಬಿಟ್ಟು, ನೀವೂ ನಾನೂ ಇಬ್ಬರೇ ಹಾಕ್ಕೊಂಡ್ರೆ ಲಾಭ ಭಾವ" ಎಂದ. ಬರೆಯುವವರನ್ನೇ ಬಿಟ್ಟರೆ ಪುಸ್ತಕ ಹೇಗೆ ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಳಗಿದವನಿಗೆ ಅದು ಪ್ರಶ್ನೆಯೂ ಅಲ್ಲ.

ಲಾಯರು ಸುಮ್ಮನಿರುವರೇ? ಅವರು 1957ರ ಕೃತಿಸ್ವಾಮ್ಯ ಕಾಯಿದೆ ತೆಗೆದರು. ಅದರ ಪ್ರಕಾರ ಜಂಟಿ ಕೃತಿ ಎಂದರೆ ಒಬ್ಬನ ಪಾಲನ್ನು ಇನ್ನೊಬ್ಬನ ಪಾಲಿನಿಂದ ಬಿಡಿಸಲಾಗದಂತೆ ಬೆರೆತಿರುವುದು. ನಮ್ಮ ಮೂವರಿಗೂ ಯಾವ ಅಲ್ಪವಿರಾಮ ಯಾರದು ಎಂದು ಕಂಠಪಾಠವಾಗಿತ್ತು, ಅದಿರಲಿ. ಲಾಯರು ಬೆರಳಿಟ್ಟು ತೋರಿಸಿದ್ದು ಇನ್ನೊಂದು ಕಡೆ. ಲೇಖಕ ಸತ್ತ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕೂಡಿ ಬರೆದಿದ್ದರೆ ಕೊನೆಗೆ ಸಾಯುವವನಿಂದ ಲೆಕ್ಕ. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. "ನಿಮ್ಮೊಬ್ಬರ ಹೆಸರೇ ಇದ್ದಿದ್ದರೆ ನಿಮ್ಮ ಮೊಮ್ಮಕ್ಕಳಿಗೇ ನಷ್ಟ ಮೇಷ್ಟ್ರೇ. ನನಗಿನ್ನೂ ನಲವತ್ತೆಂಟು" ಎಂದರು ಲಾಯರು, ಔದಾರ್ಯದಿಂದ. ಯಜಮಾನರ ವ್ಯಾಪಾರಬುದ್ಧಿ ಚುರುಕಾಯಿತು. ಅವರ ಮೊಮ್ಮಗ ಒಂದನೇ ಕ್ಲಾಸಿನಲ್ಲಿದ್ದಾನೆ, ಆರೋಗ್ಯ ಗಟ್ಟಿ, ಅವನ ಹೆಸರನ್ನೂ ಸೇರಿಸಿಬಿಟ್ಟರೆ ಹಕ್ಕು ಒಂದೂಕಾಲು ಶತಮಾನ ಎಲ್ಲಿಗೂ ಹೋಗುವುದಿಲ್ಲ ಎಂದರು. ಐನೂರು ಪ್ರತಿ ಹಾಕಿಸಿ, ಮುನ್ನೂರು ಗೌರವಪ್ರತಿ ಹಂಚಿ, ಉಳಿದದ್ದನ್ನು ಅಟ್ಟದ ಮೇಲೆ ಕಟ್ಟಿಡುವ ಪುಸ್ತಕದ ಆಸ್ತಿಗಾಗಿ ನಡೆದ ಈ ಮುಂದಾಲೋಚನೆ ಕಂಡು ಕಾಯಿದೆ ಬರೆದವರ ಆತ್ಮಕ್ಕೆ ಶಾಂತಿ ಸಿಕ್ಕಿರಬೇಕು.

ರಷ್ಯದಲ್ಲಿ ಇಲ್ಫ್ ಮತ್ತು ಪೆಟ್ರೋವ್ ಎಂಬ ಇಬ್ಬರು ನಗೆಗಾರರು ಕೂಡಿ ಕಾದಂಬರಿ ಬರೆಯುತ್ತಿದ್ದರು. ಇಬ್ಬರೂ ಸೇರಿ ಹೇಗಪ್ಪ ಬರೀತೀರಿ ಎಂದು ಕೇಳಿದವರಿಗೆ ಅವರು ಫ್ರಾನ್ಸಿನ ಗಾಂಕೂರ್ ಸೋದರರನ್ನು ತೋರಿಸುತ್ತಿದ್ದರು. ಒಬ್ಬ ಸಂಪಾದಕರ ಕಚೇರಿಗಳಿಗೆ ಓಡಾಡುತ್ತಾನೆ, ಇನ್ನೊಬ್ಬ ಸ್ನೇಹಿತರು ಕದಿಯದ ಹಾಗೆ ಹಸ್ತಪ್ರತಿ ಕಾಯುತ್ತಾನೆ ಎಂದು. ನಮ್ಮ ಕಡೆ ಸ್ನೇಹಿತರು ಕದಿಯುವುದಿಲ್ಲ, ಕೊಟ್ಟರೂ ಓದುವುದಿಲ್ಲ. ಕಾಯಬೇಕಾದದ್ದು ಸಹಲೇಖಕರಿಂದ. ಅಷ್ಟು ದೂರ ಯಾಕೆ, ನಮ್ಮದೇ ಜಿಲ್ಲೆಯ ಮೂಡಿಗೆರೆ ಕಡೆ ಪೂರ್ಣಚಂದ್ರ ತೇಜಸ್ವಿಯವರೂ ಪ್ರದೀಪ ಕೆಂಜಿಗೆಯವರೂ ಸೇರಿ 'ಪ್ಯಾಪಿಲಾನ್' ಕನ್ನಡಕ್ಕೆ ತಂದರು. ಓದುವಾಗ ಯಾವ ಸಾಲು ಯಾರದು ಎಂದು ಗುರುತು ಹತ್ತುವುದಿಲ್ಲ. ಇದನ್ನು ನಾನು ಒಂದು ಸಲ ಪ್ರಸ್ತಾಪಿಸಿದೆ. "ಅದು ಮಲೆನಾಡು ಸಾರ್, ಮಳೆ ಜಾಸ್ತಿ, ಹೊರಗೆ ಹೋಗೋ ಹಾಗಿಲ್ಲ, ಕೂತು ಬರೀತಾರೆ. ನಮಗೆ ಕೆಲಸ ಇರುತ್ತೆ" ಎಂದು ಲಾಯರು ತೀರ್ಪು ಕೊಟ್ಟರು.

ಪುಸ್ತಕ ಅಂತೂ ಆಯಿತು. ಮುಖಪುಟದ ಹೆಸರಿನ ಸಮಸ್ಯೆಯನ್ನು ಪರಿಹರಿಸಿದವಳೂ ಡಿಟಿಪಿ ಹುಡುಗಿಯೇ. ಮೂರು ಹೆಸರನ್ನೂ ಗುಂಡಗೆ, ಸೀಲಿನ ಹಾಗೆ ಸುತ್ತಿಸಿಬಿಟ್ಟಳು. ಎಲ್ಲಿಂದ ಶುರು ಮಾಡಿ ಓದುತ್ತೀರೋ ಅವರೇ ಮೊದಲನೆಯವರು. ತರೀಕೆರೆಯಲ್ಲಿ ಪುಸ್ತಕವನ್ನು ಒಂದು ರೀತಿ ಹಿಡಿಯುತ್ತಾರೆ, ಅಜ್ಜಂಪುರದಲ್ಲಿ ತಲೆಕೆಳಗಾಗಿ. ಬೆನ್ನ ಪುಟದಲ್ಲಿ ಲಾಯರ ಫೋಟೊ ಕೋಟು ಹಾಕಿಕೊಂಡು, ಯಜಮಾನರದು ಪೇಟ ಸುತ್ತಿಕೊಂಡು. ಮೇಷ್ಟ್ರದು ಪಡಿತರ ಚೀಟಿಯಿಂದ ತೆಗೆದದ್ದು. ಒಳಗೆ 'ಲೇಖಕರ ಮಾತು' ಮೂರು ಬೇರೆ ಬೇರೆ ಇವೆ, ಮೂರರಲ್ಲೂ ಬರೆದವರು ಉಳಿದಿಬ್ಬರ ಸಹಕಾರವನ್ನು ನೆನೆದಿದ್ದಾರೆ. ಚರಿತ್ರೆ ಶುರುವಾಗುವುದು 41ನೇ ಪುಟದಿಂದ. ಅಲ್ಲಿಯವರೆಗೆ ಸಂದೇಶಗಳು.

ಬಿಡುಗಡೆಗೆ ಸಭಾಂಗಣ ಗೊತ್ತಾಗಿ, ಆಹ್ವಾನಪತ್ರಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಲಾಯರು ನನಗೆ ಫೋನು ಮಾಡಿದರು.

"ಸಾರ್, ಒಂದು ಪುಟ ಖಾಲಿ ಉಳಿದಿದೆ. ನಿಮ್ಮ ಮುನ್ನುಡಿ ಬೇಕು."

"ಪುಸ್ತಕ ಕಳಿಸಿ, ಓದಿ ಬರೀತೀನಿ" ಎಂದೆ.

"ಛೆ ಛೆ, ನಿಮಗ್ಯಾಕೆ ಆ ತೊಂದರೆ? ಮೇಷ್ಟ್ರ ಕೈಲಿ ಬರೆಸಿ ಇಟ್ಟಿದೀನಿ. ನೀವು ಸಹಿ ಹಾಕಿದ್ರೆ ಸಾಕು."

ಕೇಳಿಸಿಕೊಂಡು ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ, ಹೆಸರು ಎಷ್ಟು ಪಾಯಿಂಟಿನಲ್ಲಿ ಬರುತ್ತದೆ ಎಂದು ಕೇಳಿದೆ.